ಗ್ರೇಡ್ ಕೇಳಿ ಕಾಯದೆ ಓಡುವ ಸಿ ಪ್ರೋಗ್ರಾಂ

ರಾಯಚೂರು ಹತ್ತಿ ಮಾರುಕಟ್ಟೆಯ ಲೆಕ್ಕಕ್ಕೆ ಒಂದು ಪುಟ್ಟ ಸಿ ಪ್ರೋಗ್ರಾಂ ಬರೆದಿದ್ದೀರಿ ಅಂದುಕೊಳ್ಳಿ. ಮೊದಲು ಎಷ್ಟು ಕ್ವಿಂಟಲ್ ಎಂದು ಕೇಳುತ್ತದೆ, ಆಮೇಲೆ ಗ್ರೇಡ್ ಎ ಅಥವಾ ಬಿ. 12 ಹೊಡೆದು ಎಂಟರ್ ಒತ್ತಿದ ಕೂಡಲೇ ಗ್ರೇಡಿನ ಪ್ರಶ್ನೆ ಕಾಣಿಸುತ್ತದೆ, ಉತ್ತರಕ್ಕೆ ಮಾತ್ರ ಕಾಯುವುದಿಲ್ಲ. ‘ತಪ್ಪು ಗ್ರೇಡ್’ ಎಂದು ಮುಗಿದೇ ಹೋಗುತ್ತದೆ.

ನೀವು ಒತ್ತಿದ್ದು ಮೂರು ಕೀ: 1, 2, ಎಂಟರ್. ಇನ್‌ಪುಟ್ ಓದುವ ಸ್ಕ್ಯಾನ್‌ಎಫ್‌ನಲ್ಲಿರುವ ಪರ್ಸೆಂಟ್ ಡಿ (%d, ಪೂರ್ಣಾಂಕ ಓದುವ ಗುರುತು) 12 ಅನ್ನು ಎತ್ತಿಕೊಂಡು, ಎಂಟರ್‌ನಿಂದ ಬಂದ ನ್ಯೂಲೈನನ್ನು ಬಫರಿನಲ್ಲೇ, ಅಂದರೆ ಹೊಡೆದದ್ದು ಓದುವ ತನಕ ಕಾಯುವ ಜಾಗದಲ್ಲೇ, ಬಿಡುತ್ತದೆ. ಪರ್ಸೆಂಟ್ ಡಿ ತಾನಾಗಿ ಖಾಲಿ ಜಾಗಗಳನ್ನು ದಾಟಿ ಅಂಕಿ ಹುಡುಕುತ್ತದೆ. ಒಂದು ಅಕ್ಷರ ಓದುವ ಪರ್ಸೆಂಟ್ ಸಿ (%c) ಹಾಗೆ ದಾಟುವುದಿಲ್ಲ, ಅದಕ್ಕೆ ನ್ಯೂಲೈನೂ ಒಂದು ಅಕ್ಷರವೇ.

ಊಹೆ ಮಾಡುತ್ತ ಕೂರಬೇಡಿ. ಓದಿದ ಅಕ್ಷರವನ್ನು ಪ್ರಿಂಟ್‌ಎಫ್‌ನಲ್ಲಿ ಪರ್ಸೆಂಟ್ ಡಿ ಹಾಕಿ ಅಚ್ಚು ಮಾಡಿ. ಅಕ್ಷರದ ಸಂಕೇತ ಸಂಖ್ಯೆ ಕಾಣುತ್ತದೆ: 10 ಬಂದರೆ ನ್ಯೂಲೈನ್, 32 ಬಂದರೆ ಸ್ಪೇಸ್, 65 ಬಂದರೆ ದೊಡ್ಡ ಎ. ವಿಂಡೋಸ್‌ನಲ್ಲಿ ಬರೆದ ಫೈಲನ್ನು ಲಿನಕ್ಸ್‌ನಲ್ಲಿ ಓದಿಸಿದರೆ 13 (ಕ್ಯಾರೇಜ್ ರಿಟರ್ನ್, ವಿಂಡೋಸ್ ಸಾಲಿನ ಕೊನೆಗೆ ಸೇರಿಸುವ ಇನ್ನೊಂದು ಗುರುತು) ಕೂಡ ಸಿಗುತ್ತದೆ.

ಪರಿಹಾರ ಸಣ್ಣದು: ಉದ್ಧರಣ ಚಿಹ್ನೆಯೊಳಗೆ, ಪರ್ಸೆಂಟ್ ಸಿ ಮೊದಲು ಒಂದು ಸ್ಪೇಸ್. ಅದನ್ನೇ ಕೊನೆಯಲ್ಲಿ ಹಾಕಿದರೆ ಬೇರೆ ತೊಂದರೆ, ಇನ್ನೊಂದು ಅಕ್ಷರ ಹೊಡೆಯುವ ತನಕ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ಲ್ಯಾಬಿನಲ್ಲಿ ಹಲವರು ಬಫರ್ ಖಾಲಿ ಮಾಡಲು ಎಫ್‌ಫ್ಲಶ್‌ಗೆ ಎಸ್‌ಟಿಡಿಇನ್ (ಕೀಬೋರ್ಡ್ ಇನ್‌ಪುಟ್) ಕೊಟ್ಟು ಕೆಲಸ ಮುಗಿಸುತ್ತಾರೆ. ಕೀಬೋರ್ಡ್ ಇನ್‌ಪುಟ್‌ಗೆ ಅದು ಏನು ಮಾಡಬೇಕೆಂದು ಸಿ ಮಾನದಂಡ ಹೇಳಿಲ್ಲ. ದಯವಿಟ್ಟು ಆ ಅಭ್ಯಾಸ ಬಿಡಿ. ಉಳಿದ ಸಾಲನ್ನು ಖಾಲಿ ಮಾಡಲು, ನ್ಯೂಲೈನ್ ಅಥವಾ ಇಒಎಫ್ (ಇನ್‌ಪುಟ್ ಮುಗಿದ ಗುರುತು) ಸಿಗುವ ತನಕ, ಒಂದೊಂದೇ ಅಕ್ಷರ ಓದುವ ಗೆಟ್‌ಚಾರ್ ಅನ್ನು ವೈಲ್ ಲೂಪಿನಲ್ಲಿ ಓಡಿಸಿ. ಅದರ ಬೆಲೆ ಹಿಡಿಯುವ ವೇರಿಯಬಲ್ ಇಂಟ್ ಆಗಿರಲಿ. ಚಾರ್ ಇಟ್ಟರೆ, ಚಾರ್ ಅನ್‌ಸೈನ್ಡ್ (ಋಣ ಸಂಖ್ಯೆ ಹಿಡಿಯದ ಬಗೆ) ಇರುವ ಯಂತ್ರಗಳಲ್ಲಿ ಇಒಎಫ್ ಗುರುತೇ ಸಿಗದು.

ತೂಕದ ಜಾಗದಲ್ಲಿ ಯಾರಾದರೂ ಅಕ್ಷರ ಹೊಡೆದರೆ ಸ್ಕ್ಯಾನ್‌ಎಫ್ 0 ಹಿಂತಿರುಗಿಸುತ್ತದೆ, ಆ ಅಕ್ಷರ ಬಫರಿನಲ್ಲೇ ಉಳಿಯುತ್ತದೆ. ಲೂಪಿನೊಳಗೆ ಹೀಗಾದರೆ ಪ್ರಶ್ನೆ ನಿಲ್ಲದೆ ಸುರಿಯುತ್ತದೆ. ಬಂದ ಬೆಲೆ 1 ಹೌದೋ ಅಲ್ಲವೋ ನೋಡಿ, ಅಲ್ಲದಿದ್ದರೆ ಸಾಲು ಖಾಲಿ ಮಾಡಿ ಮತ್ತೆ ಕೇಳಿ.

ಗ್ರೇಡನ್ನು ಹೋಲಿಸುವಾಗ ಒಂಟಿ ಉದ್ಧರಣವೇ ಬೇಕು. ಜೋಡಿ ಹಾಕಿದರೆ ಅಕ್ಷರದ ಬದಲು ಮೆಮೊರಿಯ ವಿಳಾಸದ ಜೊತೆ ಹೋಲಿಕೆ ನಡೆಯುತ್ತದೆ. ಕಂಪೈಲರ್ ಕೊಡುವ ಎಚ್ಚರಿಕೆಯನ್ನು ಓದಿ.

ನಮ್ಮವರು ಪ್ರಯತ್ನಿಸಿಯೇ ನೋಡುವ ಇನ್ನೊಂದು ಸಂಗತಿ ಇದೆ: ಗ್ರೇಡ್ ಕೇಳಿದಾಗ ‘ಕ’ ಎಂದು ಕನ್ನಡದಲ್ಲೇ ಹೊಡೆಯುವುದು. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8ರಲ್ಲಿ ‘ಕ’ ಮೂರು ಬೈಟ್: 224, 178, 149. ಒಂದು ಚಾರ್‌ಗೆ ಮೊದಲ ಬೈಟ್ ಮಾತ್ರ ಹೋಗುತ್ತದೆ, ಉಳಿದೆರಡು ಮುಂದಿನ ಓದಿಗೆ ಸಿಗುತ್ತವೆ. ಕನ್ನಡ ಅಕ್ಷರ ಬೇಕಿದ್ದರೆ ಚಾರ್ ಅರೇ ಇಟ್ಟು, ಎಫ್‌ಗೆಟ್ಸ್‌ನಿಂದ ಇಡೀ ಸಾಲು ಓದಿ.