ಅಂಗಿ ಬಿಚ್ಚಿಸಿ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು

ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಸೊಂಟ ಹಿಡಿದುಕೊಂಡು ಬರುವವರು ಜಾಸ್ತಿ, ಬಹುಪಾಲು ನಲವತ್ತು ದಾಟಿದವರು. ಹಾಗಾಗಿ ಜಗಳೂರು ಕಡೆಯ 15 ವರ್ಷದ ಹುಡುಗ ತೊಡೆಯ ಹಿಂಭಾಗ ತೋರಿಸಿ 'ಇಲ್ಲಿ ಎಳಿತೈತಿ ಸರ್' ಅಂದಾಗ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿ ಕಾಲಿನ ನರ ಕೆರಳಿಸಿರಬಹುದು ಅನ್ನುವುದು ನನ್ನ ತಲೆಗೇ ಬರಲಿಲ್ಲ. ಕಬಡ್ಡಿ ಆಡೋ ಹುಡುಗ, ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಎಳೆದಿರಬೇಕು ಅಂದುಕೊಂಡು ಸ್ಟ್ರೆಚಿಂಗ್ ಹೇಳಿಕೊಟ್ಟು ಕಳಿಸಿದೆ.

ಹತ್ತು ದಿನ ಬಿಟ್ಟು ಬಂದಾಗ ನೋವು ಇನ್ನೂ ಏರಿತ್ತು. 'ಸೀನಿದ್ರೆ ಕಾಲಿಗೆ ಕರೆಂಟ್ ಹೊಡದಂಗೆ ಆಗ್ತೈತಂತೆ' ಅಂದರು ಅವರಪ್ಪ. ಮೊದಲ ದಿನ ನಾನು ಅದನ್ನು ವಿಚಾರಿಸಿಯೇ ಇರಲಿಲ್ಲ.

ಅಂಗಿ ಬಿಚ್ಚಿಸಿ ಬೆನ್ನ ಹಿಂದೆ ನಿಂತೆ. ಮೈ ಎಡಕ್ಕೆ ವಾಲಿತ್ತು. ಮಲಗಿಸಿ ಮೊಣಕಾಲು ಮಡಚದೆ ಕಾಲೆತ್ತಿದರೆ 30 ಡಿಗ್ರಿಗೇ ಹಲ್ಲು ಕಚ್ಚಿದ. ಸ್ವಲ್ಪ ಇಳಿಸಿ, ಪಾದವನ್ನಷ್ಟೇ ಅವನ ಮುಖದ ಕಡೆ ಬಾಗಿಸಿದೆ. ಮತ್ತೆ ಅದೇ ಕರೆಂಟ್. ಹ್ಯಾಮ್‌ಸ್ಟ್ರಿಂಗ್ ಮೊಣಕಾಲಿನ ಕೆಳಗೇ ಮುಗಿಯುತ್ತದೆ, ಪಾದ ಅಲ್ಲಾಡಿಸಿದರೆ ಅದಕ್ಕೇನು ಸಂಬಂಧ? ಎಳೆಯುತ್ತಿದ್ದದ್ದು ನರ. ಮೊದಲೇ ಕೆರಳಿದ ನರವನ್ನು ಹತ್ತು ದಿನ ದಿನಕ್ಕೆರಡು ಸಲ ಜಗ್ಗಿಸಿದ್ದೆ ನಾನು!

ಹೆಬ್ಬೆರಳು ಎತ್ತುವ ಬಲ ಚೆನ್ನಾಗಿತ್ತು, ಜೋಮೂ ಇರಲಿಲ್ಲ. ಈ ವಯಸ್ಸಿನವರಲ್ಲಿ ಎಷ್ಟೋ ಸಲ ಹೀಗೇ. ಬಲ, ಸ್ಪರ್ಶ ಎಲ್ಲ ಸರಿ ಇರುತ್ತದೆ, ಕಾಲು ಮಾತ್ರ ಮೇಲೇಳಲ್ಲ.

ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ; ಡಿಸ್ಕ್ ಅದರಲ್ಲಿ ಕಾಣುವುದೂ ಇಲ್ಲ ಬಿಡಿ. ಎಂಆರ್‌ಐನಲ್ಲಿ ಸೊಂಟದ 4 ಮತ್ತು 5ನೇ ಮೂಳೆಗಳ ನಡುವಿನ ಡಿಸ್ಕ್ ಹೊರಗೆ ಉಬ್ಬಿತ್ತು. ಬೆಳೆಯುವ ವಯಸ್ಸಿನಲ್ಲಿ ಡಿಸ್ಕ್ ಜೊತೆ ಮೂಳೆಯ ಅಂಚಿನ ಚೂರೂ ಕಿತ್ತು ಬರಬಹುದು ಅಂತ ಸಿಟಿ ಸ್ಕ್ಯಾನ್ ಕೂಡ ಮಾಡಿಸಿದರು. ಪುಣ್ಯಕ್ಕೆ ಅದಿರಲಿಲ್ಲ.

ಆರು ವಾರ ಕಬಡ್ಡಿ ಇಲ್ಲ, ಚೀಲ ಎತ್ತುವುದಿಲ್ಲ. (ರಜೆಯಲ್ಲಿ ಕಣದಲ್ಲಿ ಚೀಲ ಹೊರುತ್ತಿದ್ದನಂತೆ, ಅದೂ ಆಮೇಲೆ ಗೊತ್ತಾಯಿತು.) ನೋವಿನ ಮಾತ್ರೆ ಡಾಕ್ಟರು ಕೊಟ್ಟರು. ಹಾಸಿಗೆ ಹಿಡಿಯಬೇಡ, ತಡೆಯುವಷ್ಟು ನಡೆದಾಡು ಅಂದೆ. ಸ್ಟ್ರೆಚಿಂಗ್ ಬಂದ್. ನೋವು ಇಳಿದ ಮೇಲೆ ಹೊಟ್ಟೆ, ಬೆನ್ನಿನ ವ್ಯಾಯಾಮ. ಉಚ್ಚೆ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ನಡೆಯುವಾಗ ಪಾದ ಎತ್ತಲಾಗದೆ ನೆಲಕ್ಕೆ ಎಳೆದರೆ ಬೆಳಗಾಗುವುದನ್ನೂ ಕಾಯಬೇಡಿ, ಆಪರೇಷನ್ನೇ ಬೇಕಾಗಬಹುದು ಅಂತ ಅಪ್ಪನಿಗೆ ಎರಡೆರಡು ಸಲ ಹೇಳಿದೆ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿದರೆ ಸರಿಹೋಗುತ್ತೆ ಅಂತಿದ್ದ ಅಜ್ಜಿಗೆ ನನ್ನ ಮೇಲೆ ಇನ್ನೂ ಸಿಟ್ಟು.

ಎರಡು ತಿಂಗಳಿಗೆ ವಾಲಿದ್ದ ಮೈ ನೆಟ್ಟಗಾಯಿತು. ಕಬಡ್ಡಿಗೆ ಇನ್ನೂ ಬಿಟ್ಟಿಲ್ಲ. ಸದ್ಯಕ್ಕೆ ಅಂಕಣದ ಹೊರಗೆ ಕೂತು ಪಾಯಿಂಟ್ ಬರೆಯುತ್ತಾನೆ, ನನ್ನನ್ನು ಬೈದುಕೊಳ್ಳುತ್ತಾ.