ಬೇಡ ಅನ್ನುವ ಕೆಲಸ

ಮಡಿಕೇರಿ ಕಡೆ ತೋಟ ಇದ್ದವರಿಗೆ ಸಲಹೆಗೇನೂ ಬರವಿಲ್ಲ. ಹೋಂಸ್ಟೇ ಮಾಡು, ಟೆಂಟ್ ಹಾಕು, ಬೆಣ್ಣೆಹಣ್ಣು ನೆಡು, ಕಾಡುಮರ ಕಡಿದು ಸಿಲ್ವರ್ ಓಕ್ ಹಾಕಿ ಮೆಣಸು ಹಬ್ಬಿಸು. ಒಂದೊಂದೂ ಕೇಳುವುದಕ್ಕೆ ಚೆನ್ನಾಗಿಯೇ ಇರುತ್ತದೆ. ಕಷ್ಟ ಇರುವುದು ಅಲ್ಲೇ. ಕೆಟ್ಟ ಸಲಹೆಯಾದರೆ ಬೇಡ ಅನ್ನುವುದು ಸುಲಭ.

ನನಗೆ ಬೇಕಿರುವುದು ಒಂದೇ, ಹಳೇ ಮರಗಳ ನೆರಳಲ್ಲಿ ಒಳ್ಳೆಯ ಅರೇಬಿಕಾ ಕಾಫಿ. ಕೂರ್ಗ್ ಅರೇಬಿಕಾಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ ಬೆಳೆ ಅನ್ನುವ ಅಧಿಕೃತ ಗುರುತು, ಸಿಕ್ಕಿತು. ಹೆಸರಿದ್ದರೆ ಸಾಲದು, ಬೀಜವೂ ಹಾಗೇ ಇರಬೇಕು ಅಲ್ವಾ? ನೆರಳು ತೆಳುವಾದರೆ ಬಿಳಿ ಕಾಂಡಕೊರಕ ಹುಳದ ಕಾಟ ಜಾಸ್ತಿ. ಹಣ್ಣೂ ಒಟ್ಟಿಗೆ ಕೆಂಪಾಗುವುದಿಲ್ಲ. ಮಾಗಿದ್ದನ್ನಷ್ಟೇ ಆರಿಸುತ್ತಾ ಅದೇ ಗಿಡಕ್ಕೆ ಮತ್ತೆ ಮತ್ತೆ ಹೋಗಬೇಕು. ಕೊಯ್ಲೂ ಡಿಸೆಂಬರ್‌ನಲ್ಲಿ, ಪ್ರವಾಸಿಗರ ಗಲಾಟೆಯೂ ಡಿಸೆಂಬರ್‌ನಲ್ಲಿ. ಬಂದವರಿಗೆ ಕಡಂಬುಟ್ಟು, ಪಂದಿಕರಿ ಬಡಿಸಲೋ, ಕಣದಲ್ಲಿ ಕಾಫಿ ಹರವಲೋ?

ಮರದ ವ್ಯಾಪಾರಿಗೆ ಬೇಡ ಅನ್ನುವುದು ಒಂದೇ ಮಾತು. ನೆಂಟರಿಗೆ ಹೇಳುವುದು ಹಾಗಲ್ಲ. ಮೊನ್ನೆ ಮದುವೆ ಮನೆಯಲ್ಲಿ ಮಾವ ಹಿಡಿದುಕೊಂಡರು. "ರೋಡ್ ಪಕ್ಕದ ಜಾಗ, ನಾಲ್ಕು ರೂಮ್ ಕಟ್ಟೋಕೆ ಏನು ಕಷ್ಟ?"

"ಬೇಡ ಮಾವ, ನನಗೆ ತೋಟವೇ ಸಾಕು."

ಅಷ್ಟೇ. ಕಾರಣ ಹೇಳಲಿಲ್ಲ. ದುಡ್ಡಿಲ್ಲ ಅಂದರೆ ಸಾಲ ಕೊಡಿಸುತ್ತಾರೆ, ಟೈಮಿಲ್ಲ ಅಂದರೆ ನೋಡಿಕೊಳ್ಳಲು ಹುಡುಗನನ್ನು ಕಳಿಸುತ್ತಾರೆ! ಅಂದಹಾಗೆ, ಹೋಂಸ್ಟೇ ನಡೆಸುವವರ ಮೇಲೆ ನನಗೆ ಕೋಪವೇನಿಲ್ಲ. ಅದನ್ನೇ ಮನಸ್ಸಿಟ್ಟು ಮಾಡುವವರು ಚೆನ್ನಾಗಿ ಮಾಡುತ್ತಿದ್ದಾರೆ. ಯಾರಾದರೂ ರೂಮ್ ಕೇಳಿದರೆ ನಾನೂ ಪಕ್ಕದ ಮನೆಯವರ ನಂಬರ್ ಕೊಟ್ಟು ಕಳಿಸುತ್ತೇನೆ.