ಪರೇಲಿನ ದಾರಿಯಲ್ಲಿ ಶಿಮ್ಮೀ

ಹೋದ ತಿಂಗಳು ಒಂದು ಆದಿತ್ಯವಾರ ಆರಾಧನೆ ಮುಗಿಸಿ ಗೇಟಿನ ಹತ್ತಿರ ಬರುವಾಗ ನಮ್ಮ ಸಭೆಯ ಹಿರಿಯ ಆಂಟಿಯೊಬ್ಬರು ನನ್ನ ಕೈ ಹಿಡಿದು ನಿಲ್ಲಿಸಿದರು. ಪ್ರೀತಿಯಿಂದ ಹಿಡಿದರು ಅಂದುಕೊಂಡೆ. "ಮನೆಯಲ್ಲಿ ಗಂಡನಿಗೆ ಬಿಸಿ ಅನ್ನ ಇಲ್ಲ, ಊರವರಿಗೆಲ್ಲ ಸೇವೆ. ಗ್ರೂಪಿನಲ್ಲಿ ಫೋಟೋ ಮಾತ್ರ ಚೆಂದ ಬರ್ತದೆ" ಅಂದರು. ಸುತ್ತ ಐದಾರು ಜನ ಇದ್ದರು. ಯಾರೋ ನಕ್ಕರು. ಆ ಮಾತಿಗಿಂತ ಆ ನಗು ನನಗೆ ಜಾಸ್ತಿ ನೋವು ಕೊಟ್ಟಿತು.

ಡೊಂಬಿವಲಿಗೆ ವಾಪಸ್ ಬರುವ ಲೋಕಲಿನಲ್ಲಿ ಕಿಟಕಿ ಸೀಟು ಸಿಕ್ಕಿತ್ತು. ಇಡೀ ದಾರಿ ಮುಖ ಹೊರಗೆ ತಿರುಗಿಸಿಕೊಂಡೇ ಕೂತಿದ್ದೆ.

ನಾನು ಮಾಡುವುದು ದೊಡ್ಡ ಕೆಲಸವೇನಲ್ಲ. ಬ್ಯಾಂಕಿನಿಂದ ನಿವೃತ್ತಿಯಾದ ಮೇಲೆ ಮಂಗಳವಾರ, ಗುರುವಾರ ಸ್ಲೋ ಲೋಕಲ್ ಹಿಡಿದು ಮುಂಬಯಿಯ ಪರೇಲಿನಲ್ಲಿ ಇಳಿಯುತ್ತೇನೆ. ಟಾಟಾ ಆಸ್ಪತ್ರೆಯ ಸುತ್ತಮುತ್ತ ನಮ್ಮ ಕಡೆಯವರು ಎಷ್ಟು ಜನ ಇರುತ್ತಾರೆ ಗೊತ್ತಾ? 1941ರಲ್ಲಿ ಶುರುವಾದ ಆಸ್ಪತ್ರೆ ಅದು. ಕ್ಯಾನ್ಸರ್ ಅಂದರೆ ಇವತ್ತಿಗೂ ವಿಜಯಪುರ, ಕಲಬುರಗಿ, ಬೀದರ್ ಕಡೆಯವರು ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ಕೆಲವರಿಗೆ ದಾದರಿನ ಧರ್ಮಶಾಲೆಯಲ್ಲಿ ಜಾಗ ಸಿಗುತ್ತದೆ. ಸಿಗದವರು ಫುಟ್‌ಪಾತ್ ಮೇಲೆ ಪ್ಲಾಸ್ಟಿಕ್ ಹಾಸಿ ಮಲಗುತ್ತಾರೆ. ಹಿಂದಿ ಬರುವುದಿಲ್ಲ, ಮರಾಠಿ ಬರುವುದಿಲ್ಲ, ಕೈಯಲ್ಲಿ ಮಾತ್ರ ದಪ್ಪ ಫೈಲು. ನಾನು ಅವರ ಚೀಟಿ ಓದಿ ಹೇಳುತ್ತೇನೆ. "ಬಯಾಪ್ಸಿ ಅಂದ್ರೆ ಚೂರೇ ಚೂರು ಮಾಂಸ ತೆಗೆದು ನೋಡೋದು ಅಜ್ಜಿ, ಆಪರೇಷನ್ ಅಲ್ಲ." "ಸೋಮವಾರ ಏನೂ ತಿನ್ನದೆ ಬರಬೇಕಂತೆ, ನೀರೂ ಬೇಡ." ಇಷ್ಟೇ. ಕೆಲವೊಮ್ಮೆ ಒಂದು ಗ್ಲಾಸ್ ಚಹಾ.

ಆಂಟಿಯ ಮಾತು ಕೇಳಿದ ವಾರವೇ ಅಲ್ಲೂ ಒಂದು ಪೆಟ್ಟು ಬಿತ್ತು. ಇಂಡಿ ಕಡೆಯ ಒಬ್ಬ ಅಜ್ಜಿಯ ಫೈಲು ನೋಡುತ್ತಿದ್ದೆ. ಮಗನ ಕಣ್ಣು ನನ್ನ ಕತ್ತಿನ ಶಿಲುಬೆ ಮೇಲೆ ಬಿತ್ತು. "ನೀವು ಕ್ರಿಶ್ಚಿಯನ್ನರೇನ್ರಿ? ನಮ್ಮವ್ವನ ಜಾತಿ ಕೆಡಸಾಕ ಬಂದೀರೇನು?" ಅಂತ ಫೈಲು ಕಸಿದುಕೊಂಡ. ಇಲ್ಲಪ್ಪಾ, ಚೀಟಿ ಓದಲಿಕ್ಕೆ ಅಷ್ಟೇ ಬಂದದ್ದು ಅಂದೆ. ಅವನು ನಂಬಲಿಲ್ಲ. ಅಜ್ಜಿ ಮಾತ್ರ "ಇರ್ಲಿ ಬಿಡೋ, ಆಕಿ ನಮ್ಮ ಮಾತು ಆಡ್ತಾಳ" ಅಂದಳು.

ಸಭೆಯವರಿಗೆ ನನ್ನದು ತೋರಿಕೆ. ಹೊರಗಿನವರಿಗೆ ನನ್ನದು ಮೋಸ. ಆ ರಾತ್ರಿ ಪ್ರಾರ್ಥನೆಗೆ ಮಾತೇ ಬರಲಿಲ್ಲ. ಸುಮ್ನೆ ಸತ್ಯವೇದ ತೆರೆದೆ. ನಮ್ಮ ಅಪ್ಪನಿಗೆ ಇಷ್ಟವಾದ ಭಾಗ, ಎರಡನೆಯ ಸಮುವೇಲ 16.

ಅರಸ ದಾವೀದ ಸ್ವಂತ ಮಗ ಅಬ್ಷಾಲೋಮನಿಗೆ ಹೆದರಿ ಯೆರೂಸಲೇಮ್ ಬಿಟ್ಟು ಓಡುತ್ತಿದ್ದಾನೆ. ಬಹುರೀಮ್ ಅನ್ನುವ ಊರಿನ ಹತ್ತಿರ, ಹಿಂದಿನ ಅರಸ ಸೌಲನ ಮನೆತನದ ಶಿಮ್ಮೀ ಅನ್ನುವವನು ಬಂದು ಶಪಿಸುತ್ತಾನೆ. ಗುಡ್ಡದ ಪಕ್ಕದಲ್ಲಿ ನಡೆಯುತ್ತಾ ಕಲ್ಲು ಎಸೆಯುತ್ತಾನೆ, ಮಣ್ಣು ತೂರುತ್ತಾನೆ. ಸೌಲನ ಮನೆಯವರ ರಕ್ತ ಸುರಿಸಿದವನು ನೀನು ಅಂತ ಕೂಗುತ್ತಾನೆ. ಜೊತೆಗಿದ್ದ ಅಬೀಷೈ, ಹೋಗಿ ಅವನ ತಲೆ ಹಾರಿಸುತ್ತೇನೆ ಅನ್ನುತ್ತಾನೆ. ದಾವೀದ ಬೇಡ ಅನ್ನುತ್ತಾನೆ. ಬಿಡು, ಶಪಿಸಲಿ. ದೇವರು ನನ್ನ ಕಷ್ಟ ನೋಡಿ ಇದಕ್ಕೆ ಬದಲಾಗಿ ಒಳ್ಳೆಯದನ್ನು ಮಾಡಿದರೂ ಮಾಡಬಹುದು.

ಎಷ್ಟೋ ಸಲ ಓದಿದ್ದೇನೆ. ಆ ರಾತ್ರಿ ಬೇರೆ ಒಂದು ವಿಷಯ ಕಣ್ಣಿಗೆ ಬಿತ್ತು. ಶಿಮ್ಮೀ ಹೇಳಿದ್ದು ಸುಳ್ಳು. ದಾವೀದ ಸೌಲನ ಮೇಲೆ ಕೈ ಎತ್ತಿದವನಲ್ಲ, ಎರಡು ಸಲ ಅವಕಾಶ ಸಿಕ್ಕರೂ ಬಿಟ್ಟವನು. ಆದರೆ ರಕ್ತ ಸುರಿಸಿದವನು ಅಂದದ್ದು ಪೂರ್ತಿ ಸುಳ್ಳಾ? ತನ್ನದೇ ಸೈನಿಕ ಊರೀಯನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಕೊಲ್ಲಿಸಿದ್ದು ಯಾರು? ಕಲ್ಲು ಎಸೆದವನು ಹೆಸರು ತಪ್ಪು ಹೇಳಿದ. ಕಲ್ಲು ಬಿದ್ದ ಜಾಗದಲ್ಲಿ ಹಳೆಯ ಗಾಯ ಒಂದು ಇದ್ದೇ ಇತ್ತು. ಅದಕ್ಕೇ ದಾವೀದ ವಾದಕ್ಕೆ ನಿಲ್ಲಲಿಲ್ಲ ಅಂತ ನನಗೆ ಅನಿಸುತ್ತದೆ. ಯಾವುದು ಸುಳ್ಳು, ಯಾವುದು ನಿಜ ಅಂತ ದೇವರಿಗೆ ಗೊತ್ತಿತ್ತು ಅಲ್ವಾ?

ಎದ್ದು ಫೋನ್ ತೆಗೆದು ನೋಡಿದೆ. ಸಭೆಯ ಗ್ರೂಪಿನಲ್ಲಿ ನಾನೇ ಹಾಕಿದ ಫೋಟೋ ಹನ್ನೊಂದು ಇದ್ದವು. ಒಂದರಲ್ಲಿ ಒಬ್ಬ ಅಜ್ಜ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ಪಕ್ಕದಲ್ಲಿ ನಾನು ಕ್ಯಾಮೆರಾ ನೋಡುತ್ತಿದ್ದೇನೆ. ಅವರನ್ನು ಕೇಳಿ ತೆಗೆದದ್ದಲ್ಲ. ಆ ಮನುಷ್ಯನ ಸಂಕಟ ಗ್ರೂಪಿನವರಿಗೆ ಯಾಕೆ ಬೇಕಿತ್ತು? ನಾಚಿಕೆಯಾಯಿತು. ಗ್ರೂಪಿನಿಂದ ತೆಗೆಯಲಿಕ್ಕೆ ಆಗುವುದನ್ನೆಲ್ಲ ತೆಗೆದೆ. ನನ್ನ ಫೋನಿನಿಂದ ಎಲ್ಲವನ್ನೂ ಅಳಿಸಿದೆ. ಬಿಸಿ ಅನ್ನದ ಮಾತು ಮಾತ್ರ ನಿಜವಲ್ಲ. ನಮ್ಮವರಿಗೆ ಕುಕ್ಕರ್ ಇಡಲಿಕ್ಕೆ ಚೆನ್ನಾಗಿಯೇ ಬರುತ್ತದೆ. ಗುರುವಾರದ ಸಾರು ಅವರದ್ದೇ.

ಇಂಡಿಯ ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ತಾಯಿ ಸಾಯುತ್ತಾಳೋ ಅನ್ನುವ ಭಯದಲ್ಲಿ ಇದ್ದವನು. ನಾನು ಕರಪತ್ರ ಒಯ್ಯುವುದಿಲ್ಲ. ಯಾರಾದರೂ ಕೇಳಿದರೆ ಮಾತ್ರ ಪ್ರಾರ್ಥಿಸುತ್ತೇನೆ. ಶಿಲುಬೆಯನ್ನು ಮಾತ್ರ ಸೆರಗಿನಲ್ಲಿ ಮುಚ್ಚುವುದಿಲ್ಲ. ನನ್ನನ್ನು ಅಲ್ಲಿಗೆ ಕಳಿಸಿದವನು ಯೇಸು. ಅದನ್ನು ಅಡಗಿಸಿದರೆ ಆ ಹುಡುಗನ ಅನುಮಾನ ನಿಜವಾಗುತ್ತದೆ.

ಬೇಥಾನ್ಯದ ಆ ಹೆಂಗಸಿನ ನೆನಪು ಬರುತ್ತದೆ. 300 ದಿನದ ಕೂಲಿಯಷ್ಟು ಬೆಲೆಯ ಜಟಾಮಾಂಸಿ ತೈಲವನ್ನು ಯೇಸುವಿನ ತಲೆಯ ಮೇಲೆ ಸುರಿದಳು. ದಂಡ ಮಾಡಿದಳು ಅಂತ ಅಲ್ಲಿದ್ದ ಕೆಲವರು ಬೈದರು. ಅವಳು ಒಂದು ಮಾತೂ ಆಡಲಿಲ್ಲ. ಇವಳ ಗೋಜಿಗೆ ಹೋಗಬೇಡಿ, ತನ್ನ ಕೈಲಾದದ್ದನ್ನು ಮಾಡಿದ್ದಾಳೆ ಅಂತ ಯೇಸುವೇ ಉತ್ತರ ಕೊಟ್ಟರು. ನನ್ನ ಪರವಾಗಿ ಯಾರೂ ಗೇಟಿನ ಹತ್ತಿರ ಮಾತಾಡಲಿಲ್ಲ, ನಿಜ. ಆದರೆ ಉತ್ತರ ಕೊಡುವ ಹೊಣೆ ನನ್ನದಲ್ಲ ಅಂದುಕೊಂಡ ಮೇಲೆ ಆ ರಾತ್ರಿ ನಿದ್ದೆ ಬಂತು.

ಪೂರ್ತಿ ಹಗುರ ಆಯಿತು ಅಂತ ಹೇಳಲಾರೆ. ದಾವೀದನಿಗೂ ಆಗಿರಲಿಲ್ಲ. ಯೊರ್ದನ್ ಹೊಳೆಯ ಹತ್ತಿರ ಶಿಮ್ಮೀಯನ್ನು ಕ್ಷಮಿಸಿದವನು, ಸಾಯುವ ಹೊತ್ತಿಗೆ ಮಗ ಸೊಲೊಮೋನನನ್ನು ಕರೆದು ಅವನನ್ನು ಸುಮ್ಮನೆ ಬಿಡಬೇಡ ಅನ್ನುತ್ತಾನೆ. ಒಂದನೆಯ ಅರಸುಗಳು ಎರಡನೆಯ ಅಧ್ಯಾಯದಲ್ಲಿದೆ. ಅದನ್ನು ಓದಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತದೆ. ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದನಾ?

ಅದಕ್ಕೇ ಮೊನ್ನೆ ಆದಿತ್ಯವಾರ ಆಂಟಿಯ ಪಕ್ಕದ ಜಾಗದಲ್ಲೇ ಕೂತೆ. ಅವರ ಕನ್ನಡಕ ಮನೆಯಲ್ಲೇ ಉಳಿದಿತ್ತು. ನನ್ನ ಸಂಗೀತದ ಪುಸ್ತಕವನ್ನು ಇಬ್ಬರ ನಡುವೆ ಹಿಡಿದು ಸಾಲುಗಳನ್ನು ಮೆಲ್ಲಗೆ ಓದಿ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ, ಹಾಡಿದರು. ನಾಳೆ ಗುರುವಾರ. ಇಂಡಿಯ ಅಜ್ಜಿಯ ರಿಪೋರ್ಟ್ ಬರುವ ದಿನ.